ಕಾರಿನ್ಹೊ ಫುರ್ಟಾಡೊ ಎಂಬ ನೆಂಟ

ಹೊರಡುವ ಮೊದಲು, ಕಾಪು

ಬೋರ್ಡು ಬರೆಯುವವನಿಗೆ ಊರವರ ಹೆಸರು ಬಾಯಿಗಿಂತ ಮೊದಲು ಕೈಗೆ ಗೊತ್ತಿರುತ್ತದೆ. ಕಾಪು, ಕಟಪಾಡಿ, ಉಡುಪಿ, ಕಾರ್ಕಳ ಎಂದು ನಾನು ಏಣಿ ಇಡದ ಪೇಟೆಯಿಲ್ಲ. ಶೆಟ್ಟಿ, ಭಟ್, ಪೂಜಾರಿ, ಕಾಮತ್, ಡಿಸೋಜ, ಯಾರ ಹೆಸರನ್ನಾದರೂ ಕಣ್ಣು ಮುಚ್ಚಿಕೊಂಡು ಬರೆದೇನು. ಫ್ಲೆಕ್ಸ್ ಬಂದ ಮೇಲೆ ನನ್ನ ಕುಂಚಕ್ಕೆ ಉಳಿದದ್ದು ಮೀನಿನ ದೋಣಿಗಳು ಮತ್ತು ಶಾಲೆಯ ಗೋಡೆಗಳು ಮಾತ್ರ. ಆದರೂ ಊರಲ್ಲಿ ನಾನು ಇಂದಿಗೂ ಬೋನಿ ಮೇಸ್ತ್ರಿಯೇ.

ಪೂರ್ತಿ ಹೆಸರು ಬೊನಿಫಾಸ್ ಫುರ್ಟಾಡೊ. ಇದನ್ನು ಸರಿಯಾಗಿ ಬರೆದವರನ್ನು ಕಂಡದ್ದು ಕಡಿಮೆ. ಕರೆಂಟ್ ಬಿಲ್ಲಿನಲ್ಲಿ ಪುರ್ಟಾಡ, ರೇಷನ್ ಕಾರ್ಡಿನಲ್ಲಿ ಫರ್ಟಡೋ, ಒಂದು ಮದುವೆ ಕಾಗದದಲ್ಲಂತೂ ಫುಟ್ರಾಡೊ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಪ್ರತಿ ಸಲವೂ ಹೋಗಿ ಜಗಳ ತೆಗೆದಿದ್ದೇನೆ. ನನ್ನ ಲೆಕ್ಕದಲ್ಲಿ ಅದು ಪೋರ್ಚುಗಲ್ಲಿನ ಯಾವುದೋ ದೊಡ್ಡ ಮನೆತನದ ಹೆಸರು. ಅದಕ್ಕೊಂದು ಅರ್ಥವೂ ಇರಬಹುದೆಂದು ನನಗೆ ಯಾವತ್ತೂ ತೋರಿರಲಿಲ್ಲ.

ನಮ್ಮ ಮಗಳು ಶರಲ್ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಕೈಗೂಸಾಗಿದ್ದಾಗ ನಾನೂ ನನ್ನ ಹೆಂಡತಿ ಐರಿನಳೂ ಸಿಸ್ಟರುಗಳ ಅನಾಥಾಲಯದಿಂದ ದತ್ತು ತಂದು ಸಾಕಿದೆವು. ಇದನ್ನು ಮುಚ್ಚಿಟ್ಟವರಲ್ಲ, ಬುದ್ಧಿ ಬಂದಾಗಿನಿಂದ ಅವಳಿಗೆ ಗೊತ್ತು. ಈ ವರ್ಷ ನಿಟ್ಟೆಯ ಹುಡುಗನೊಬ್ಬನೊಂದಿಗೆ ಅವಳ ಮದುವೆ ನಿಶ್ಚಯವಾಯಿತು. ಆ ದಿನ ಊಟಕ್ಕೆ ಕುಳಿತಲ್ಲಿ, ಕಾರ್ಕಳದ ನನ್ನ ಅಕ್ಕ ಎಲ್ಲರಿಗೂ ಕೇಳುವ ಹಾಗೆ, ಹೆಸರು ನಮ್ಮದು, ರಕ್ತ ಯಾರದೋ ಎಂದುಬಿಟ್ಟಳು. ನಾನು ತಟ್ಟೆ ಸರಿಸಿ ಎದ್ದೆ. ಶರಲ್ ಏಳಲಿಲ್ಲ, ತಲೆ ತಗ್ಗಿಸಿ ಊಟ ಮುಗಿಸಿದಳು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಗಂಡು ಹೆಣ್ಣಿನ ಹೆಸರು ಓದುವ ಕ್ರಮ ಉಂಟು. ಕೆಲವು ದಿನ ಕಳೆದು ಶರಲ್ ನನ್ನ ಹತ್ತಿರ ಬಂದು ನಿಂತಳು. (ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ಪಪ್ಪಾ, ಬರೀ ಶರಲ್ ಅಂತ ಓದಲಿಕ್ಕೆ ಪಾದ್ರಿಯವರ ಹತ್ತಿರ ಹೇಳಿ. ನನ್ನದಲ್ಲದ ಹೆಸರು ನನಗೆ ಬೇಡ.”

ಮದುವೆಯಾದ ಮೇಲೆ ಹೇಗೂ ಹೋಗುವ ಹೆಸರು, ಅದಕ್ಕೆ ಯಾಕೆ ಇಷ್ಟು ಬೇಸರ ಎಂದೂ ಕೇಳಿದಳು. ಊರವರ ಹೆಸರನ್ನೆಲ್ಲ ಬರೆದ ನನಗೆ ನನ್ನ ಮಗಳಿಗೆ ಒಂದು ಹೆಸರು ಕೊಡಲಿಕ್ಕಾಗಲಿಲ್ಲವಲ್ಲ ಎಂದು ಬಹಳ ದುಃಖವಾಯಿತು. ಪಾದ್ರಿಯವರ ಹತ್ತಿರ ಹೋಗಿ ಹೇಳಿದೆ. ಅವರು ಒಳ್ಳೆಯವರು. ಯಾತ್ರೆ ಮುಗಿಸಿ ಬಂದ ಮೇಲೆ ಹೇಳಿ, ಅಲ್ಲಿಯವರೆಗೆ ನಾನು ಬರೆದುಕೊಳ್ಳುವುದಿಲ್ಲ ಎಂದರು.

ಯಾತ್ರೆ ಎಂದರೆ ನಮ್ಮ ಇಗರ್ಜಿಯ ಗುಂಪು ಪೋರ್ಚುಗಲ್ಲಿನ ಫಾತಿಮಾ ಮಾತೆಯ ಕ್ಷೇತ್ರಕ್ಕೆ ಹೊರಟದ್ದು. ನಾನೂ ಐರಿನಳೂ ಹೋಗುವುದೆಂದಿತ್ತು. ಅವಳ ಮಂಡಿ ನೋವು ಜೋರಾಗಿ, ಅವಳ ಬದಲಿಗೆ ಶರಲ್ ಬಂದಳು. ನನ್ನ ಉಪಾಯ ಸುಲಭದ್ದು. ಹೆಸರು ಹುಟ್ಟಿದ ಊರಿನಲ್ಲಿ, ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಆ ಹೆಸರನ್ನು ಅವಳಿಗೆ ತೋರಿಸುವುದು. ನೋಡಿದ ಮೇಲೆ ಬೇಡ ಎನ್ನಲು ಅವಳಿಗೆ ಮನಸ್ಸು ಬರಲಾರದು ಎಂದುಕೊಂಡೆ.

ಲಿಸ್ಬನ್, ಬಂದಿಳಿದ ದಿನ

ಲಿಸ್ಬನ್ ಪೂರ್ತಿ ಏರು ಇಳಿತದ ಊರು. ಮಣಿಪಾಲದ ಗುಡ್ಡ ಹತ್ತಿ ಅಭ್ಯಾಸವಿದ್ದ ಶರಲ್ ಸರಸರ ನಡೆದಳು. ನಾನು ಪ್ರತಿ ತಿರುವಿನಲ್ಲೂ ಬೋರ್ಡು ಓದುವ ನೆಪದಲ್ಲಿ ನಿಂತು ಉಸಿರು ಎಳೆದುಕೊಂಡೆ. ಓದಲಿಕ್ಕೆ ಏನೂ ಕೊರತೆಯಿರಲಿಲ್ಲ. ಅಲ್ಲಿ ಬೀದಿಯ ಹೆಸರನ್ನು ಹೆಂಚಿನ ಬಿಲ್ಲೆಗಳ ಮೇಲೆ ನೀಲಿ ಬಣ್ಣದಲ್ಲಿ ಬರೆದು ಸುಟ್ಟು ಗೋಡೆಗೆ ಕೂರಿಸುತ್ತಾರೆ. ಮಳೆ ಬಿಸಿಲಿಗೆ ಅದು ಮಾಸುವುದಿಲ್ಲ. ನಮ್ಮ ಕರಾವಳಿಯ ಮಳೆಗೆ ಎರಡೇ ವರ್ಷದಲ್ಲಿ ಕಾಲು ಮುರಿದುಕೊಳ್ಳುವ ನನ್ನ ಅಕ್ಷರಗಳನ್ನು ನೆನೆದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇನ್ನೊಂದು ಸೋಜಿಗವೆಂದರೆ ಭಾಷೆ. ಒಂದಕ್ಷರವೂ ತಿಳಿಯದೆಂದು ಹೆದರಿ ಹೋದವನಿಗೆ, ಹೋಟೆಲಿನಲ್ಲಿ ಬಟಾಟೆ ಎಂದರೆ ಬಟಾಟೆಯೇ ಬಂತು. ನಮ್ಮ ಚಾವಿ ಅವರಲ್ಲಿ ಶಾವ್, ಸಾಬೂನು ಸಬಾಂವ್, ಕೊಂಕಣಿಯ ಜನೆಲ್ ಅಲ್ಲಿಯೂ ಕಿಟಕಿಯೇ. ಕಡೆಗೆ ನನ್ನ ಮೇಸ್ತ್ರಿ ಪದವಿಯೂ ಅವರದ್ದಂತೆ, ಮೆಸ್ತ್ರೆ ಎನ್ನುತ್ತಾರೆ. ಕಾಪುವಿನ ಅಂಗಡಿಯಲ್ಲಿ ಸಾಬೂನು ಕೇಳುವಾಗಲೆಲ್ಲ ನಾವು ಇನ್ನೊಬ್ಬರ ಮಾತನ್ನು ಆಡುತ್ತೇವೆ, ಅದು ನಮ್ಮದೆಂದು ಯಾರಿಗೂ ಸಂಶಯವಿಲ್ಲ.

ಅಲ್ಲಿಯವರ ಕ್ರಮಗಳು ಚೆಂದ. ಕಾಫಿಯನ್ನು ನಿಂತುಕೊಂಡೇ, ಔಷಧಿ ಕುಡಿದ ಹಾಗೆ ಒಂದು ಗುಟುಕಿಗೆ ಮುಗಿಸುತ್ತಾರೆ. ಬೀದಿಯ ಮೇಲೆ ಒಣಹಾಕಿದ ಚಡ್ಡಿ ಬನಿಯನಿನ ಅಡಿಯಲ್ಲೇ ಕುರ್ಚಿ ಹಾಕಿ ಊಟ ಮಾಡುತ್ತಾರೆ. ಕಂಡವರೆಲ್ಲ ಎರಡೂ ಕೆನ್ನೆಗೆ ಮುತ್ತು ಕೊಡುತ್ತಾರೆ. ನಮ್ಮ ಗುಂಪಿನ ಅಜೆಕಾರಿನ ಹೆಂಗಸೊಬ್ಬರು ಹೋಟೆಲಿನ ಯಜಮಾನ ಹತ್ತಿರ ಬರುತ್ತಿದ್ದ ಹಾಗೆ ಕೊಡೆ ಬಿಚ್ಚಿ ಅಡ್ಡ ಹಿಡಿದರು.

ಆದರೆ ನನ್ನ ಕಟ್ಟಡ ಸಿಗಲಿಲ್ಲ. ಬೆಳಗಿನಿಂದ ತಲೆಯೆತ್ತಿ ನೋಡಿ ಕುತ್ತಿಗೆ ನೋವು ಬಂದರೂ ಎಲ್ಲಿಯೂ ಫುರ್ಟಾಡೊ ಇಲ್ಲ. ಸಿಲ್ವ ಉಂಟು, ಪಿರೇರ ಉಂಟು, ಬೇಕಾದಷ್ಟು ಸಂತರುಂಟು. ಶರಲ್ ನನ್ನ ಹುಡುಕಾಟ ಕಂಡೂ ಕಾಣದವಳ ಹಾಗೆ ಫೋಟೋ ತೆಗೆಯುತ್ತಿದ್ದಳು.

ಮರುದಿನ, ಒಂದು ಓಣಿಯಲ್ಲಿ

ಮರುದಿನ ಮಧ್ಯಾಹ್ನ ಗುಂಪಿನವರು ಮಲಗಿದ್ದಾಗ ನಾವಿಬ್ಬರು ಹೊರಬಿದ್ದೆವು. ಒಂದು ಕಡಿದಾದ ಓಣಿಯ ಗೋಡೆಯಲ್ಲಿ, ಮಳೆಗೆ ಸ್ವಲ್ಪ ಬಣ್ಣ ಬಿಟ್ಟ ಕಾಗದವೊಂದನ್ನು ಅಂಟಿಸಿದ್ದರು. ಕೈಯಲ್ಲಿ ಬರೆದ ಕೆಂಪು ಅಕ್ಷರ. ಮೇಲೆ CARRINHO FURTADO ಎಂದು. ಕೆಳಗೆ ನಾಲ್ಕು ಗಾಲಿಯ, ಹೊಗೆಕೊಳವೆ ಇರುವ ತಳ್ಳುಗಾಡಿಯ ಚಿತ್ರ. ಅದರ ಕೆಳಗೆ ಫೋನ್ ನಂಬರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಮಾಲೀಕನ ಹೆಸರು, ವ್ಯಾಪಾರದ ಚಿತ್ರ, ಕೆಳಗೆ ನಂಬರು. ಇಂಥ ಬೋರ್ಡನ್ನು ನಾನು ಜೀವಮಾನವಿಡೀ ಬರೆದಿದ್ದೇನೆ. ನಮ್ಮೂರಲ್ಲಿ ಒಬ್ಬ ರೊಸಾರಿಯೊ ಫುರ್ಟಾಡೊ ಇದ್ದ ಹಾಗೆ ಇವನು ಕಾರಿನ್ಹೊ ಫುರ್ಟಾಡೊ. ದೊಡ್ಡ ಮನೆತನದವನಲ್ಲ, ತಳ್ಳುಗಾಡಿಯವನು. ಆದರೇನು, ನೆಂಟ ನೆಂಟನೇ. ಶರಲ್‌ಗೆ ಫೋನ್ ಮಾಡಲು ಹೇಳಿದೆ. ಅವಳು ಬೇಡ ಪಪ್ಪಾ ಎಂದಳು, ನಾನು ಬಿಡಲಿಲ್ಲ.

ಆಚೆ ಕಡೆ ಎತ್ತಿದ್ದು ಹೆಂಗಸು. ಶರಲ್‌ಳ ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲ. ನಾನೇ ಫೋನ್ ಕಿತ್ತುಕೊಂಡು ಕಾರಿನ್ಹೊ ಫುರ್ಟಾಡೊ, ಕಾರಿನ್ಹೊ ಫುರ್ಟಾಡೊ ಎಂದು ಕೂಗಿದೆ. ಆ ಕಡೆ ಒಂದು ದೊಡ್ಡ ಚೀತ್ಕಾರ. ಎಲ್ಲಿ, ಎಲ್ಲಿ ಎನ್ನುತ್ತಿದ್ದಾರೆಂದು ಮಾತ್ರ ಹೇಗೋ ಗೊತ್ತಾಯಿತು. ಶರಲ್ ಎದುರಿನ ಬೀದಿಯ ಹೆಸರನ್ನು ಓದಿ ಹೇಳಿದಳು. ನೋಡು, ನಮ್ಮವರ ಪ್ರೀತಿ ಹೇಗುಂಟು ಎಂದು ನಾನು ಬೀಗಿದೆ.

ಸ್ವಲ್ಪ ಹೊತ್ತಿನಲ್ಲಿ ಓಣಿಯ ಮೆಟ್ಟಿಲು ಇಳಿದುಕೊಂಡು ವಯಸ್ಸಾದ ಒಬ್ಬ ಹೆಂಗಸು ಓಡೋಡಿ ಬಂದರು. ಮನೆಯಲ್ಲಿ ಹಾಕುವ ಚಪ್ಪಲಿ, ಸೊಂಟದಲ್ಲಿ ಅಡುಗೆಯ ಬಟ್ಟೆ. ಹಿಂದಿನಿಂದ ಏದುಸಿರು ಬಿಡುತ್ತ ಒಬ್ಬ ಮುದುಕ. ಆಕೆ ನಮ್ಮಿಬ್ಬರನ್ನು ದಾಟಿ ಓಣಿಯ ಕೊನೆಯವರೆಗೆ ನೋಡಿದರು, ತಿರುಗಿ ಬಂದು ನಮ್ಮ ಬೆನ್ನ ಹಿಂದೆಯೂ ನೋಡಿದರು. ನಾನು ಕೈ ಮುಗಿದು ಬೊನಿಫಾಸ್ ಫುರ್ಟಾಡೊ, ಇಂಡಿಯಾ ಎಂದೆ.

ಮುದುಕನ ಹೆಸರು ರೂಯಿ. ನೆರೆಮನೆಯವರು, ಹಡಗಿನಲ್ಲಿ ದುಡಿದು ಇಂಗ್ಲಿಷ್ ಕಲಿತವರು. ನಾವು ಹೇಳಿದ್ದನ್ನು ಪೂರ್ತಿ ಕೇಳಿ ಅವರು ಹಣೆ ಒತ್ತಿಕೊಂಡರು. ಕಾರಿನ್ಹೊ ಎಂದರೆ ಮನುಷ್ಯನ ಹೆಸರಲ್ಲ, ತಳ್ಳುಗಾಡಿ. ಫುರ್ಟಾಡೊ ಎಂಬ ಮನೆತನ ಇರುವುದು ನಿಜ. ಆದರೆ ಆ ಶಬ್ದದ ಅರ್ಥ ಕದ್ದದ್ದು, ಕಳವಾದದ್ದು ಎಂದು. ಗಾಡಿ ಕಳವಾಗಿದೆ, ಕಂಡವರು ಈ ನಂಬರಿಗೆ ತಿಳಿಸಿ ಎಂಬ ಪ್ರಕಟಣೆ ಅದು. ನನ್ನ ಫೋನು ಕೇಳಿ ಆ ಹೆಂಗಸು ಗಾಡಿ ಸಿಕ್ಕಿತೆಂದು ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿ ಬಂದಿದ್ದರು.

ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಆಕೆ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅಳುತ್ತಾರೆಂದುಕೊಂಡೆ. ರೂಯಿ ಇನ್ನೊಮ್ಮೆ ವಿವರಿಸಿದಾಗ ಆಕೆಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಪಕ್ಕಕ್ಕೆ ನೋಡಿದರೆ ಶರಲ್ ಗೋಡೆ ಹಿಡಿದುಕೊಂಡು ನಗುತ್ತಿದ್ದಾಳೆ. ನಿಶ್ಚಯದ ದಿನದ ನಂತರ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅಮೆಲಿಯಾ ಬಾಯಿಯ ಮನೆ

ಅವರ ಹೆಸರು ಅಮೆಲಿಯಾ. ನಮ್ಮ ಕೊಂಕಣಿ ಕ್ರಮದಲ್ಲಿ ನಾನು ಅಮೆಲಿಯಾ ಬಾಯಿ ಎಂದೇ ಕರೆದೆ. ಇಷ್ಟು ತೊಂದರೆ ಕೊಟ್ಟವರನ್ನು ನಾನಾದರೆ ಬೈದು ಕಳಿಸುತ್ತಿದ್ದೆ. ಅವರು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆಯ ಮನೆ. ಗೋಡೆಯಲ್ಲಿ ನಮ್ಮ ಮನೆಯ ಹಾಗೆಯೇ ಅಲ್ತಾರು ಎಂಬ ಸಣ್ಣ ದೇವರ ಪೀಠ, ಜಪಸರ, ಗಂಡನ ಫೋಟೋ. ಆ ಗಾಡಿ ಗಂಡನದ್ದಂತೆ. ಅದರಲ್ಲಿ ಚಳಿಗಾಲವಿಡೀ ಕಸ್ತಾನ್ಹ ಎಂಬ ಕಾಯಿಯನ್ನು ಕೆಂಡದಲ್ಲಿ ಹುರಿದು ಮಾರುತ್ತಾರೆ. ಒಂದು ಬೋಗುಣಿ ತುಂಬ ಅದನ್ನು ನಮ್ಮ ಮುಂದಿಟ್ಟರು. ಸಿಪ್ಪೆ ಸುಲಿದು ಬಾಯಿಗೆ ಹಾಕಿದರೆ ನಮ್ಮ ಸುಟ್ಟ ಹಲಸಿನ ಬೀಜ, ಸ್ವಲ್ಪ ಸಿಹಿ ಹೆಚ್ಚು.

ಒಂದನ್ನು ತಿಂದು ನಾನು ಬೋಗುಣಿಯನ್ನು ಶರಲ್ ಕಡೆಗೆ ಸರಿಸಿದೆ. ಕಳವಾದದ್ದು! ಇದಕ್ಕೋಸ್ಕರ ನಾನು ಕರೆಂಟ್ ಆಫೀಸಿನಲ್ಲಿ ಜಗಳ ತೆಗೆದೆನೇ? ಮುಖ ದಪ್ಪ ಮಾಡಿಕೊಂಡು ಕುಳಿತೆ. ನನ್ನನ್ನು ಸಮಾಧಾನ ಮಾಡಲಿಕ್ಕೋ ಏನೋ, ರೂಯಿ ಅವರಲ್ಲಿ ಹೇಳುವ ಕಥೆಯೊಂದನ್ನು ತೆಗೆದರು. ಬಹಳ ಹಿಂದೆ ಒಬ್ಬ ರಾಣಿಗೆ ಮದುವೆಯ ಹೊರಗೆ ಒಂದು ಮಗುವಾಯಿತಂತೆ. ಜನರಿಗೆ ಗೊತ್ತಾಗಬಾರದೆಂದು ಮಗುವನ್ನು ಗುಟ್ಟಾಗಿ ಸಾಗಿಸಿ ಬೇರೆ ಮನೆಯಲ್ಲಿ ಬೆಳೆಸಿದರು. ಆ ಮನೆಯವರು ಚೆನ್ನಾಗಿಯೇ ಸಾಕಿದರು. ಊರವರು ಹುಡುಗನನ್ನು ಫುರ್ಟಾಡೊ, ಕದ್ದು ತಂದವನು ಎಂದು ಕರೆದರು. ಅವನ ಮಕ್ಕಳು ಅದನ್ನೇ ಮನೆತನದ ಹೆಸರು ಮಾಡಿಕೊಂಡರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಹಾಗೆ ಹೇಳುತ್ತಾರೆ ಎಂದು ರೂಯಿ ಮುಗಿಸಿದರು.

ಶರಲ್ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದ್ದಳು.

ಅಷ್ಟರಲ್ಲಿ ಅಮೆಲಿಯಾ ಬಾಯಿ ನಮ್ಮಿಬ್ಬರ ಮುಖ ನೋಡಿ ಏನೋ ಅಂದರು. ಮಗಳ ಮೂಗು ತಂದೆಯದೇ ಎನ್ನುತ್ತಿದ್ದಾರೆ ಎಂದರು ರೂಯಿ. ಈ ಮಾತನ್ನು ಊರಲ್ಲಿಯೂ ಗೊತ್ತಿಲ್ಲದವರು ಹೇಳುತ್ತಾರೆ, ನಾವು ನಕ್ಕು ಸುಮ್ಮನಾಗುತ್ತೇವೆ. ಆವತ್ತು ಶರಲ್ ಸುಮ್ಮನಾಗಲಿಲ್ಲ. ತನ್ನನ್ನು ಹೆತ್ತವರು ಯಾರೆಂದು ಗೊತ್ತಿಲ್ಲ, ಇವರು ಸಾಕಿದವರು ಎಂದು ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳಿದಳು. ಇನ್ನೊಬ್ಬರ ಮುಂದೆ ಅವಳು ಅದನ್ನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಗಡಿಬಿಡಿಯಲ್ಲಿ ಬಾಯಿ ಹಾಕಿದೆ. ನಾವು ಕದ್ದದ್ದಲ್ಲ, ಸಿಸ್ಟರುಗಳ ಹತ್ತಿರ ಕೇಳಿಯೇ ತಂದದ್ದು ಎಂದೆ. ಮಾತು ಬದಲಿಸಲು ನನ್ನ ಹಳೆಯ ಹೆಮ್ಮೆಯ ಕಥೆಯನ್ನೂ ಶುರು ಮಾಡಿದೆ. ನಮ್ಮ ಹಿರಿಯರು ಗೋವೆಯವರು, ಮೊದಲು ಪ್ರಭು ಎಂಬ ಮನೆತನದವರು. ಕ್ರೈಸ್ತರಾದಾಗ, ತಲೆಗೆ ನೀರು ಹಾಕಿದ ಪಾದ್ರಿ ತನ್ನ ಹೆಸರನ್ನೇ ಕೊಟ್ಟನಂತೆ. ಆಮೇಲೆ ಅವರು ದಕ್ಷಿಣಕ್ಕೆ ನಡೆದು ಬಂದು ನಮ್ಮ ಕಡೆ ಗದ್ದೆ ಮಾಡಿದರು. ನನ್ನ ಅಜ್ಜಿ ಹೇಳುತ್ತಿದ್ದದ್ದು, ಶರಲ್ ಸಣ್ಣವಳಿದ್ದಾಗಿನಿಂದ ಕೇಳಿ ಕೇಳಿ ಬೇಸತ್ತದ್ದು.

ಈ ಸಲ ಅವಳು ಬೇಸತ್ತ ಹಾಗೆ ಕಾಣಲಿಲ್ಲ. ನನ್ನ ಕಡೆ ತಿರುಗಿ ಕುಳಿತು ಮೆಲ್ಲಗೆ ಕೇಳಿದಳು.

“ಅಂದರೆ ಪಪ್ಪಾ, ಆ ಪಾದ್ರಿ ನಿಮಗೆ ಎಂತ ಆಗಬೇಕು?”

“ಎಂತದೂ ಇಲ್ಲ. ಪಾದ್ರಿಗೆ ಮಕ್ಕಳುಂಟಾ?”

“ಹಾಗಾದರೆ ನಿಮಗೂ ಈ ಹೆಸರು ರಕ್ತದಲ್ಲಿ ಬಂದದ್ದಲ್ಲ. ಅಜ್ಜಿಗೂ ಅಲ್ಲ, ಕಾರ್ಕಳದ ಅತ್ತೆಗೂ ಅಲ್ಲ. ಯಾರೋ ಕರೆದು ಕೊಟ್ಟದ್ದು, ಅಲ್ವಾ?”

ಎಷ್ಟೋ ವರ್ಷ ನಾನೇ ಹೇಳಿದ ಕಥೆ. ಅದರೊಳಗೆ ಈ ಮಾತು ಇದ್ದದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ನನ್ನ ಅಕ್ಕನಿಗೆ ಆವತ್ತು ತಟ್ಟೆ ಸರಿಸುವ ಬದಲು ಇದನ್ನು ಹೇಳಬಹುದಿತ್ತು.

ರೂಯಿ ನಮ್ಮ ಮಾತು ಏನೆಂದು ಕೇಳಿ ತಿಳಿದು ಅಮೆಲಿಯಾ ಬಾಯಿಗೆ ಹೇಳಿದರು. ಅವರು ಎದ್ದು ಬಂದು ಶರಲ್‌ಳ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಹಾಗಾದರೆ ಆ ಹೆಸರಿಗೆ ಮೊದಲ ಹಕ್ಕು ಈ ಹುಡುಗಿಯದ್ದೇ ಎಂದರಂತೆ. ಗಾಡಿ ಕಳೆದುಕೊಂಡು ಕುಳಿತ ಹೆಂಗಸು, ನನ್ನ ಮಗಳಿಗೆ ನಾನು ಕೊಡಲಾರದೆ ಹೋದದ್ದನ್ನು ಕೊಟ್ಟರು. ನಾನು ಅವರ ಕೈಯನ್ನು ಕಣ್ಣಿಗೊತ್ತಿಕೊಂಡೆ. ಆ ಕ್ರಮ ಅವರಿಗೆ ತಿಳಿಯದು, ಕೈಗೆ ಏನೋ ಅಂಟಿದೆಯೆಂದು ಬಟ್ಟೆಯಲ್ಲಿ ಒರೆಸಿಕೊಂಡರು.

ಅವರಿಗೆ ನಾನು ಏನು ಮಾಡಬಲ್ಲೆ? ಗೊತ್ತಿದ್ದದ್ದು ಒಂದೇ ಕೆಲಸ. ಆ ಪ್ರಕಟಣೆಯ ಅಕ್ಷರ ನಿಜಕ್ಕೂ ಕೆಟ್ಟದಾಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಸಣಕಲು, ಮಳೆಗೆ ಕರಗಿ ಬೇರೆ ಹೋಗಿತ್ತು. ಕುಂಚವುಂಟೇ ಎಂದು ಕೇಳಿದೆ. ರೂಯಿ ತಮ್ಮ ಬಾಗಿಲಿಗೆ ಹಚ್ಚಿ ಉಳಿದ ಕೆಂಪು ಬಣ್ಣವನ್ನೂ ರಟ್ಟಿನ ಹಾಳೆಗಳನ್ನೂ ತಂದರು. ನೆಲದಲ್ಲಿ ಕುಳಿತು, ಶರಲ್ ಹಾಳೆ ಒತ್ತಿ ಹಿಡಿದಿರಲು, ನಾನು ಬರೆದೆ. ದೂರದಿಂದಲೂ ಓದುವ ಹಾಗೆ, ಪ್ರತಿ ಅಕ್ಷರಕ್ಕೂ ಉಸಿರಾಡಲು ಜಾಗ ಬಿಟ್ಟು. ಮೊದಲ ಶಬ್ದಕ್ಕೆ ಕಾಗದ ನೋಡಬೇಕಾಯಿತು. ಎರಡನೆಯದಕ್ಕೆ ನೋಡಬೇಕಾಗಲಿಲ್ಲ, ನಮ್ಮ ಗೇಟಿನಲ್ಲಿ ಅದನ್ನು ಬರೆದವನೇ ನಾನು.

“ಪಪ್ಪಾ, ನಮ್ಮ ಹೆಸರು ಇಷ್ಟು ಚೆಂದ ನೀವು ಊರಲ್ಲಿ ಬರೆಯಲೇ ಇಲ್ಲ ನೋಡಿ,” ಎಂದಳು.

ನಮ್ಮ ಹೆಸರು ಎಂದಳು. ನಾನು ಕೇಳಿಯೂ ಕೇಳದವನ ಹಾಗೆ ಬಣ್ಣ ಕಲಸುತ್ತಿದ್ದೆ. ಸಂಜೆ ನಾವು ನಾಲ್ವರೂ ಓಣಿ ಓಣಿ ತಿರುಗಿ ಅಂಟಿಸಿದೆವು. ಲಿಸ್ಬನ್ನಿನ ಗೋಡೆಗಳ ಮೇಲೆ ನನ್ನ ಮನೆತನದ ಹೆಸರು ಕಾಣಬೇಕೆಂದಿದ್ದೆನಲ್ಲ, ಕಂಡಿತು.

ಫಾತಿಮಾ

ಫಾತಿಮಾದಲ್ಲಿ ಮೊಣಕಾಲಿನಲ್ಲಿ ನಡೆದು ಹರಕೆ ತೀರಿಸುವವರಿದ್ದಾರೆ. ಅದಕ್ಕೆಂದೇ ನುಣುಪಾದ ಹಾದಿ ಮಾಡಿದ್ದಾರೆ. ಐರಿನ್ ತನ್ನ ಮಂಡಿಗಾಗಿ ಒಂದು ದೊಡ್ಡ ಮೇಣದ ಬತ್ತಿ ಹಚ್ಚಲು ಹೇಳಿ ಕಳಿಸಿದ್ದಳು. ಹಚ್ಚಿದೆ. ಅದರ ಬೆಂಕಿಯಿಂದಲೇ ಇನ್ನೊಂದನ್ನು ಅಮೆಲಿಯಾ ಬಾಯಿಯ ಗಾಡಿಗಾಗಿ ಹಚ್ಚಿದೆ. ಗುಂಪಿನ ಜೊತೆ ಬಂದು ಪಕ್ಕದಲ್ಲಿ ನಿಂತಿದ್ದ ನಮ್ಮ ಪಾದ್ರಿಯವರು ಎರಡನೆಯದು ಯಾರಿಗೆ ಎಂದು ಕೇಳಿದರು. ಕಾರಿನ್ಹೊ ಎಂಬವರಿಗೆ ಎಂದೆ. ಪಾಪ, ಅವರು ಶಿಲುಬೆಯ ಗುರುತು ಹಾಕಿ ಅವನ ಆತ್ಮಕ್ಕಾಗಿ ಪ್ರಾರ್ಥಿಸಿದರು.

ಶರಲ್ ನಮ್ಮಿಂದ ದೂರ, ಆ ದೊಡ್ಡ ಬಯಲಿನ ಮಧ್ಯೆ ತುಂಬ ಹೊತ್ತು ನಿಂತಿದ್ದಳು. ಹೆಸರಿನ ವಿಷಯ ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಕೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ನನ್ನಂಥ ಮುಂಗೋಪಿಗೆ ಅಷ್ಟು ತಾಳ್ಮೆ ಬಂದದ್ದೇ ಆ ಮಾತೆಯ ಪವಾಡವಿರಬೇಕು. ಗಾಡಿ ಇನ್ನೂ ಸಿಕ್ಕಿಲ್ಲ, ಆದರೆ ಇನ್ನೊಬ್ಬ ವ್ಯಾಪಾರಿ ತನ್ನ ಹಳೆಯ ಗಾಡಿಯನ್ನು ಅಮೆಲಿಯಾಗೆ ಬಿಟ್ಟುಕೊಟ್ಟಿದ್ದಾನೆ ಎಂದು ರೂಯಿ ಮೆಸೇಜು ಕಳಿಸಿದ್ದರು. ಅದನ್ನು ಓದಿ ಹೇಳುವಾಗ ಶರಲ್‌ಳ ದನಿ ಹಗುರವಾಗಿತ್ತು.

ಲಿಸ್ಬನ್ ವಿಮಾನ ನಿಲ್ದಾಣ

ಹೊರಡುವ ದಿನ ಪಾಸ್‌ಪೋರ್ಟ್ ನೋಡುವ ಅಧಿಕಾರಿಯ ಮುಂದೆ ನಾವಿಬ್ಬರು ಒಟ್ಟಿಗೆ ನಿಂತೆವು. ಸಣ್ಣ ಮೀಸೆಯ, ಹಸನ್ಮುಖದ ಮನುಷ್ಯ. ಎರಡನ್ನೂ ಬಿಡಿಸಿ ನೋಡಿ ಹುಬ್ಬೇರಿಸಿದ. ಇಂಡಿಯಾದ ನಿಮಗೆ ನಮ್ಮ ಈ ಹೆಸರು ಹೇಗೆ ಬಂತು ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಧಿಕಾರಿ ಎಂದರೆ ನನಗೆ ಮೊದಲೇ ದಿಗಿಲು. ಗೋವೆ, ಪ್ರಭುಗಳು, ಪಾದ್ರಿ, ಎಲ್ಲಿಂದ ಶುರು ಮಾಡಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶರಲ್ ಮುಂದೆ ಬಂದು ನನ್ನ ತೋಳು ಹಿಡಿದುಕೊಂಡಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಇಷ್ಟು.

“ನನಗೆ ಬಂದದ್ದು ಸರಿಯಾಗಿಯೇ ಉಂಟು ಸರ್. ಕದ್ದು ತಂದದ್ದು ನನ್ನನ್ನು. ಕದ್ದವರು ಇವರೇ.”

ಆತ ಜೋರಾಗಿ ನಕ್ಕ. ನಾನು ಕನ್ನಡಕ ತೆಗೆದು ಒರೆಸತೊಡಗಿದೆ, ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ. ಆತ ಎರಡಕ್ಕೂ ಮುದ್ರೆ ಒತ್ತಿ, ಒಂದರ ಮೇಲೊಂದಿಟ್ಟು, ಎರಡನ್ನೂ ಅವಳ ಕೈಗೆ ಕೊಟ್ಟ.